ಎಸ್‌ಎಸ್‌ಎಲ್‌ಸಿ ಅಂಕ ನೋಡಿ ಮಕ್ಕಳ ದಾರಿ ಮುಚ್ಚಬೇಡಿ

ತಂದೆ ತಾಯಂದಿರೇ, ಪಿಯು ಕಾಲೇಜಿನ ಪ್ರಾಂಶುಪಾಲರೇ, ಫಲಿತಾಂಶ ನೋಡಿ ಊಟ ಬಿಟ್ಟು ಕೂತಿರುವ ಮಕ್ಕಳೇ,

ಫಲಿತಾಂಶದ ಮರುದಿನ ಎಷ್ಟೋ ಮನೆಗಳಲ್ಲಿ ಒಂದೇ ಮಾತು: "ಇಷ್ಟು ಅಂಕಕ್ಕೆ ಇನ್ನೇನು ಓದಿಸೋದು?" 625ಕ್ಕೆ 260 ತೆಗೆದ ಹುಡುಗ ಗ್ಯಾರೇಜಿಗೆ ಹೋಗುತ್ತಾನೆ. ಹುಡುಗಿಗೆ ಗಂಡು ಹುಡುಕಲು ಶುರುವಾಗುತ್ತದೆ, ಹದಿನಾರಕ್ಕೆ ಮದುವೆ ಅಪರಾಧ ಎಂದು ಗೊತ್ತಿದ್ದೂ. ಧೈರ್ಯ ಮಾಡಿ ವಿಜ್ಞಾನ ಕೇಳಲು ಬಂದ ಮಗುವಿಗೆ ಕಾಲೇಜಿನ ಕಿಟಕಿಯಲ್ಲಿ ಅರ್ಜಿ ಫಾರಂ ಕೂಡ ಸಿಗುವುದಿಲ್ಲ. ಇದು ಅನ್ಯಾಯ. ಕನಿಕರದಿಂದ ಈ ಮಾತು ಹೇಳುತ್ತಿಲ್ಲ, ಪ್ರವೇಶದ ನಿಯಮಗಳನ್ನು ಓದಿ ಹೇಳುತ್ತಿದ್ದೇನೆ.

ಇಂಜಿನಿಯರಿಂಗ್‌ನ ಸಿಇಟಿ ರ‍್ಯಾಂಕ್ ಹೇಗೆ ಕಟ್ಟುತ್ತಾರೆ? ಅರ್ಧ ಸಿಇಟಿ ಅಂಕ, ಇನ್ನರ್ಧ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ. ಎಸ್‌ಎಸ್‌ಎಲ್‌ಸಿ ಅಂಕಕ್ಕೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ ಬೆಂಗಳೂರಿನ ಯುವಿಸಿಇ ಇಂಜಿನಿಯರಿಂಗ್ ಕಾಲೇಜಿಗೂ ಇದೇ ರ‍್ಯಾಂಕ್. ವೈದ್ಯಕೀಯ ಸೀಟಿಗೆ ನೀಟ್; ಅದನ್ನು ಕನ್ನಡದಲ್ಲೇ ಬರೆಯಬಹುದು. ಕಲೆ, ವಾಣಿಜ್ಯ ಓದುವವರಿಗೆ 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಇದೆ. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳು 2021ರಲ್ಲಿ ನೂರಕ್ಕೆ ನೂರು ಕೇಳಿದ್ದವು. ಈಗ ಅಲ್ಲಿ ಪಿಯುಸಿ ಪಾಸಾಗಿ ಸಿಯುಇಟಿಯಲ್ಲಿ ಚೆನ್ನಾಗಿ ಬರೆದರೆ ಸೀಟು. ಕಲಬುರಗಿ ಹತ್ತಿರದ ಕಡಗಂಚಿಯಲ್ಲಿರುವ ನಮ್ಮ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಇದೇ ಪರೀಕ್ಷೆ, ಇದಕ್ಕೂ ಕನ್ನಡ ಪ್ರಶ್ನೆಪತ್ರಿಕೆ ಸಿಗುತ್ತದೆ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಸಾಮಾನ್ಯ ವರ್ಗದವರಿಗೆ ಪಿಯುಸಿಯಲ್ಲಿ ಶೇ. 45 ಇದ್ದರೆ ಸಾಕು, ಉಳಿದದ್ದನ್ನು ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ತೀರ್ಮಾನಿಸುತ್ತದೆ. ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ, ಅದಕ್ಕೆ ಬೇರೆಯೇ ತಯಾರಿ ಬೇಕು.

ಇನ್ನೊಂದು ವಿಷಯ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಸಿಇಟಿಯಲ್ಲಿ ಹತ್ತನೇ ತರಗತಿಯವರೆಗಿನ ಓದು ಲೆಕ್ಕಕ್ಕೆ ಬರುವುದು ಅಂಕವಾಗಿ ಅಲ್ಲ, ಓದಿದ ಊರು ಮತ್ತು ಮಾಧ್ಯಮವಾಗಿ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು. ನಾವು ನಾಚಿಕೊಳ್ಳುವ ಆ ಹಳ್ಳಿ ಶಾಲೆಯ ಹತ್ತು ವರ್ಷಕ್ಕೆ ಇಷ್ಟು ಬೆಲೆ ಇದೆ. ಆದರೆ ಅರ್ಜಿಯಲ್ಲಿ ಅದನ್ನು ಕೇಳಿಕೊಂಡಿರಬೇಕು. ಸೈಬರ್ ಸೆಂಟರಿನವರು ಅವಸರದಲ್ಲಿ "ಇಲ್ಲ" ಎಂದು ಒತ್ತಿಬಿಟ್ಟರೆ ಹೋಯಿತು. ಮಗುವಿನ ಪಕ್ಕದಲ್ಲಿ ಕೂತು ತುಂಬಿಸಿ.

ಹಾಗಾದರೆ ಕಡಿಮೆ ಅಂಕ ಬಂದದ್ದಕ್ಕೆ ಅರ್ಥವೇ ಇಲ್ಲವೇ? ಇದೆ. ನಾನು ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಗಣಿತದಲ್ಲಿ 38 ಬಂದಿದ್ದ ಹುಡುಗಿಯೊಬ್ಬಳು ಚಲನೆಯ ಸಮೀಕರಣಗಳನ್ನೆಲ್ಲ ಬಾಯಿಪಾಠ ಹೇಳುತ್ತಿದ್ದಳು. v = u + at ಬರೆದು ಕಾಲ ಕಂಡುಹಿಡಿಯಮ್ಮ ಅಂದರೆ ಸೀಮೆಸುಣ್ಣ ಹಿಡಿದು ನಿಂತುಬಿಡುತ್ತಿದ್ದಳು. u ಅನ್ನು ಆಚೆ ಬದಿಗೆ ತಂದರೆ ಚಿಹ್ನೆ ಏಕೆ ಬದಲಾಗುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳಿಗೆ ತೊಡಕಾಗಿದ್ದು ಭೌತಶಾಸ್ತ್ರವಲ್ಲ, ಎಂಟನೇ ತರಗತಿಯ ಗಣಿತ. ಬೆಳಿಗ್ಗೆ ಬಸ್ಸು ಬೇಗ ಬರುತ್ತಿದ್ದುದರಿಂದ ಪ್ರಾರ್ಥನೆಗೆ ಮೊದಲು ಅರ್ಧ ಗಂಟೆ ಸಿಗುತ್ತಿತ್ತು. ಆ ಹೊತ್ತಿನಲ್ಲಿ ಹೇಳಿಕೊಟ್ಟದ್ದು ಭಿನ್ನರಾಶಿ, ಸರಳ ಸಮೀಕರಣ, ಅನುಪಾತ, ಅಷ್ಟೇ. ದೀಪಾವಳಿ ಹೊತ್ತಿಗೆ ಬೇರೆಯವರ ಪುಸ್ತಕ ನೋಡಿ ಬರೆಯುವುದು ನಿಂತಿತು. ಇವತ್ತು ಅವಳು ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದಾಳೆ. ಪ್ರಥಮ ಪಿಯುಸಿ ಅಂಕ ಸಿಇಟಿ ರ‍್ಯಾಂಕಿಗೆ ಸೇರುವುದಿಲ್ಲ. ಹಳೆಯ ಕೊರತೆ ತುಂಬಿಕೊಳ್ಳಲು ಸಿಗುವ ವರ್ಷ ಅದೇ. ಆ ವರ್ಷವನ್ನು ಆರಾಮಾಗಿ ಕಳೆದವರಿಗೆ ದ್ವಿತೀಯ ಪಿಯುಸಿ ತುಂಬ ಕಷ್ಟವಾಗುತ್ತದೆ.

ಎಲ್ಲ ಬಾಗಿಲೂ ಒಂದೇ ರೀತಿ ತೆರೆದಿವೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಐಐಟಿಗೆ ರ‍್ಯಾಂಕಿನ ಜೊತೆ ಸಾಮಾನ್ಯವಾಗಿ ಪಿಯುಸಿಯಲ್ಲಿ ಶೇ. 75 ಬೇಕು. ಕ್ಯಾಂಪಸ್‌ಗೆ ಬರುವ ಕೆಲವು ಕಂಪನಿಗಳು ಹತ್ತನೇ ತರಗತಿಯಿಂದಲೇ ಶೇ. 60 ಕೇಳುತ್ತವೆ. ಆದರೆ ಈಗ ಎಸ್‌ಎಸ್‌ಎಲ್‌ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಮೊದಲ ಫಲಿತಾಂಶಕ್ಕೇ ಕೈಚೆಲ್ಲಿ ಕೂರಬೇಡಿ, ಎರಡನೆಯದಕ್ಕೆ ಕಟ್ಟಿ.

ತಂದೆ ತಾಯಂದಿರೇ, ಈ ವಾರ ಮಕ್ಕಳನ್ನು ಬೈಯಬೇಡಿ, ಪಕ್ಕದ ಮನೆಯವರ ಮಕ್ಕಳ ಅಂಕ ಹೇಳಬೇಡಿ. ಅವರಿಗೆ ಎರಡು ವರ್ಷ ಕೊಡಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿ ಅವುಗಳ ಮೇಲಿನ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ಕ್ಲಾಟ್ ಡಿಸೆಂಬರಿನಲ್ಲೇ ನಡೆಯುತ್ತದೆ, ಅದರ ಅರ್ಜಿಯ ಕೊನೆಯ ದಿನ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ ಎಂಬುದು ನೆನಪಿರಲಿ.

ಪ್ರಾಂಶುಪಾಲರೇ, ನಿಮ್ಮ ಕಾಲೇಜಿನ ಫಲಿತಾಂಶದ ಶೇಕಡಾವಾರು ಕೆಡುತ್ತದೆ ಎಂಬ ಭಯಕ್ಕೆ ಮಕ್ಕಳನ್ನು ವಾಪಸ್ ಕಳಿಸಬೇಡಿ. ಜೂನ್, ಜುಲೈನಲ್ಲಿ ಪಾಠ ಶುರು ಮಾಡುವ ಮೊದಲು ಆರು ವಾರ ಹೈಸ್ಕೂಲು ಗಣಿತ, ಇಂಗ್ಲಿಷ್ ಹೇಳಿಸಿ. ಈ ವರ್ಷ ಶೇ. 35 ಅಂಕದ ಮಗುವೊಂದು ವಿಜ್ಞಾನ ಬೇಕು ಎಂದು ನಿಮ್ಮ ಕಿಟಕಿಗೆ ಬಂದರೆ, ಅರ್ಜಿ ಫಾರಂ ಕೊಟ್ಟು ಒಳಗೆ ಕರೆಯಿರಿ.

– ಪಿಯು ಕಾಲೇಜಿನ ಒಬ್ಬ ಉಪನ್ಯಾಸಕ