ದನ ಮುರಿದ ನಲ್ಲಿಯ ದಂಡ ಯಾರ ತಲೆಗೆ?



ನಿಮ್ಮೂರ ದನದ ತೊಟ್ಟಿಯ ಹತ್ತಿರ ಒಮ್ಮೆ ಹೋಗಿ ನಿಂತು ನೋಡಿ. ಅದರಲ್ಲಿ ನೀರು ತುಂಬಿ ನಿಂತಿದ್ದರೆ ನಿಮ್ಮ ಪುಣ್ಯ. ಬಹಳಷ್ಟು ಊರುಗಳಲ್ಲಿ ಕಾಣುವುದು ಬೇರೆ. ಬಾಲ್ ವಾಲ್ವಿನ ಕಡ್ಡಿ ಬಗ್ಗಿದೆ, ಉಂಡೆ ಕಿತ್ತುಹೋಗಿದೆ, ಬಿಸಿಲಿಗೆ ಪೆಡಸಾದ ಪಿವಿಸಿ ಪೈಪು ಬುಡದಲ್ಲೇ ಮುರಿದಿದೆ. ಮುರಿದ ಬಾಯಿಗೆ ಯಾರೋ ಪುಣ್ಯಾತ್ಮರು ಹಳೇ ಬಟ್ಟೆ ಸುತ್ತಿ ಬೆಣೆ ಹೊಡೆದಿದ್ದಾರೆ. ತೊಟ್ಟಿಯ ಒಳಗೆ ಒಣಗಿದ ಎಲೆ, ಹೊರಗೆ ಮೊಣಕಾಲುದ್ದ ಕೆಸರು. ಗೋಡೆಯ ಮೇಲೆ ಮಾತ್ರ ಯೋಜನೆಯ ಹೆಸರು, ಅಂದಾಜು ಮೊತ್ತ, ವರ್ಷ ಎಲ್ಲವೂ ಬಣ್ಣದಲ್ಲಿ ಥಳಥಳಿಸುತ್ತಿವೆ.

ಪಂಚಾಯಿತಿ ಕಚೇರಿಗೆ ಹೋಗಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ದನ ಮುರಿದು ಹಾಕ್ತವೆ ಕಣ್ರೀ, ನಾವೇನು ಮಾಡೋಣ?"

ದನದ ತೊಟ್ಟಿಯನ್ನು ದನ ಮುರಿಯಿತಂತೆ! ಅಲ್ಲ ಸ್ವಾಮಿ, ದನದ ತೊಟ್ಟಿಗೆ ನೀರು ಕುಡಿಯಲು ದನ ಬಾರದೆ ತಹಸೀಲ್ದಾರರು ಬರುತ್ತಾರೆಯೇ? ಸೇತುವೆ ಕುಸಿದಾಗ "ಅದರ ಮೇಲೆ ಲಾರಿ ಓಡಾಡಿತು, ಅದಕ್ಕೇ ಬಿತ್ತು" ಎಂದು ಇಂಜಿನಿಯರು ಹೇಳಿದರೆ ಯಾರಾದರೂ ಒಪ್ಪುತ್ತಾರೆಯೇ? ದನದ ವಿಷಯಕ್ಕೆ ಬಂದಾಗ ಮಾತ್ರ ಇಂಥ ಮಾತನ್ನು ಎಲ್ಲರೂ ತಲೆಯಾಡಿಸಿ ಒಪ್ಪಿ ಮನೆಗೆ ಬರುತ್ತಾರೆ. ಬಾಯಿಲ್ಲದ ಪ್ರಾಣಿ ನೋಡಿ, ಎದುರು ಜವಾಬು ಕೊಡುವುದಿಲ್ಲ.

ದನವನ್ನು ಅಪರಾಧಿ ಮಾಡುವ ಈ ಚಾಳಿ ಹಳೆಯದು. 1871ರಲ್ಲಿ ಬ್ರಿಟಿಷ್ ಸರ್ಕಾರ ದನಗಳ ಅತಿಕ್ರಮಣ ಕಾಯ್ದೆ ತಂದು, ಬೆಳೆ ಮೇಯ್ದ, ರಸ್ತೆ ಬದಿ, ಕಾಲುವೆ ಏರಿ ಹಾಳುಮಾಡಿದ ದನವನ್ನು ದೊಡ್ಡಿಗೆ ಹೊಡೆದು ಒಡೆಯನಿಂದ ದಂಡ ವಸೂಲು ಮಾಡಿತು. ಅಲ್ಲಿ ದಂಡಕ್ಕೆ ಒಂದು ರಸೀದಿಯಾದರೂ ಇತ್ತು. ಈಗ ರಸೀದಿಯೇ ಇಲ್ಲದೆ ನಮ್ಮಿಂದ ದಂಡ ಕೀಳುತ್ತಿದ್ದಾರೆ.

ಹೇಗೆ ಅಂತೀರಾ? ಹಾಲಿನಲ್ಲಿ 100ಕ್ಕೆ 87 ಪಾಲು ನೀರೇ. ಹಸು ಒಂದು ಲೀಟರ್ ಹಾಲು ಕೊಡಬೇಕಾದರೆ ಮೂರರಿಂದ ಐದು ಲೀಟರ್ ನೀರು ಕುಡಿಯಬೇಕು. ಕುಡಿಯುವ ನೀರು ಕಡಿಮೆಯಾದರೆ ಮೇವೂ ಕಡಿಮೆ ತಿನ್ನುತ್ತದೆ, ಹಾಲೂ ಇಳಿಯುತ್ತದೆ. ಸಾಲ ಮಾಡಿ ಸೀಮೆಹಸು ಕಟ್ಟಿದವನಿಗೆ ಡೇರಿಯ ಬಟವಾಡೆಯಲ್ಲೇ ಕಂತು ಮುರಿದುಕೊಳ್ಳುತ್ತಾರೆ. ಹಾಲು ಎರಡು ಲೀಟರ್ ಇಳಿಯಿತೆಂದು ಕಂತು ಇಳಿಯುತ್ತದೆಯೇ? ಮುರಿದುಹೋದ ಒಂದು ವಾಲ್ವು ಹೀಗೆ ರೈತನ ಸಾಲದ ಪುಸ್ತಕಕ್ಕೆ ಬಂದು ಕೂರುತ್ತದೆ.

ಮನೆಯ ನಲ್ಲಿ ಇದೆಯಲ್ಲ ಎಂದು ಕೆಲವರು ಬುದ್ಧಿ ಹೇಳುತ್ತಾರೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ತಲೆ ಎಂದರೆ ಮನುಷ್ಯರ ತಲೆ. ಕೊಂಬಿರುವ ತಲೆ ಆ ಲೆಕ್ಕದಲ್ಲಿಲ್ಲ. ಐದು ಜನರ ಮನೆಗೆ 275 ಲೀಟರ್ ಬಂತೆಂದೇ ಇಟ್ಟುಕೊಳ್ಳಿ. ಕರೆಯುವ ಎರಡು ಸೀಮೆಹಸು ಬೇಸಿಗೆಯಲ್ಲಿ ಕುಡಿಯುವುದೇ ನೂರು ಲೀಟರಿಗೆ ಮೇಲೆ. ಉಳಿದದ್ದರಲ್ಲಿ ಐದು ಜನ ಅಡಿಗೆ, ಸ್ನಾನ, ಬಟ್ಟೆ ಮುಗಿಸಬೇಕು. ಹಿಂದೆ ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮದ ಪ್ರದೇಶಗಳಲ್ಲಾದರೂ ತಲಾ 40 ಲೀಟರಿನ ಜೊತೆಗೆ ಜಾನುವಾರಿಗೆಂದು ಇನ್ನೂ 30 ಲೀಟರ್ ಸೇರಿಸಬೇಕೆಂಬ ಮಾತು ಕಾಗದದಲ್ಲಿತ್ತು. ಹಾಗಾಗಿ ಊರ ತೊಟ್ಟಿ ಯಾರೋ ಕೊಟ್ಟ ದಾನ ಅಲ್ಲ, ನಮ್ಮ ಹೈನಿನ ಬೇರು.

ಇನ್ನು ದನ ಯಾಕೆ ಮುರಿಯುತ್ತದೆ? ಇದನ್ನು ಹೇಳಲು ಪದವಿ ಬೇಕಿಲ್ಲ. ಮೈಗೆ ಉಣ್ಣೆ ಹತ್ತಿದ ದನಕ್ಕೆ ಉಜ್ಜಿಕೊಳ್ಳಲು ಏನಾದರೂ ಬೇಕು. ಬಯಲಲ್ಲಿ ಎದ್ದು ನಿಂತದ್ದು ನಿಮ್ಮ ಪೈಪು ಒಂದೇ. ನಾಲ್ಕು ಕ್ವಿಂಟಾಲ್ ತೂಗುವ ಎಮ್ಮೆ ಒರಗಿದರೆ ಪಿವಿಸಿ ನಿಲ್ಲುತ್ತದೆಯೇ? ಹೊಸ ತಣ್ಣೀರು ಬೀಳುವುದು ವಾಲ್ವಿನ ಬಾಯಲ್ಲಿ. ದನ ಮೂತಿ ಇಡುವುದೂ ಅಲ್ಲೇ. ತೊಟ್ಟಿ ಸಣ್ಣದು, ಪೈಪು ಅರ್ಧ ಇಂಚಿನದು. ದನ ಕುಡಿಯುವ ವೇಗಕ್ಕೆ ನೀರು ಬರುವುದಿಲ್ಲ. ಸಂಜೆ ಮಂದೆ ಒಟ್ಟಿಗೆ ಬಂದಾಗ ನೂಕುನುಗ್ಗಲಾಗಿ ಕೊಂಬು ಗೊರಸು ಎಲ್ಲ ನಲ್ಲಿಗೇ ತಗಲುತ್ತವೆ. ಇದಿಷ್ಟೂ ದನ ಕಟ್ಟಿದ ಯಾರಿಗಾದರೂ ಗೊತ್ತು. ಎಸ್ಟಿಮೇಟು ಬರೆದವರಿಗೆ ಮಾತ್ರ ಗೊತ್ತಿರಲಿಲ್ಲವಂತೆ!

ನಮ್ಮ ಹಿರಿಯರು ಬಾವಿಯ ಪಕ್ಕ ಕಲ್ಲಿನ ಬಾನಿ ಇಟ್ಟಿದ್ದರು. ಸೇದಿದ ನೀರು ಕಲ್ಲಿನ ದೋಣಿಯಲ್ಲಿ ಹರಿದು ಬಾನಿಗೆ ಬೀಳುತ್ತಿತ್ತು. ಮುರಿಯುವಂಥದ್ದು ಅಲ್ಲಿ ಒಂದೂ ಇರಲಿಲ್ಲ. ಈಗ ಪೈಪು, ವಾಲ್ವು ಬಂದಿವೆ, ಬರಲಿ. ಆದರೆ ಅವನ್ನು ದನದ ಬಾಯಿಂದ, ಮೈಯಿಂದ ದೂರ ಇಡುವುದು ಬ್ರಹ್ಮವಿದ್ಯೆಯೇನಲ್ಲ. ಹೀಗೆ ಕಟ್ಟಿಸಿ:

ಒಂದು, ಪೈಪು ನೆಲದೊಳಗೆ ಎರಡಡಿ ಆಳದಲ್ಲಿ ಬರಲಿ. ಕೊನೆಯ ತುಂಡು ಜಿ.ಐ. ಪೈಪಾಗಿರಲಿ, ತೊಟ್ಟಿಯ ಕಟ್ಟಡದೊಳಗಿಂದಲೇ ಮೇಲೇಳಲಿ. ಹೊರಗೆ ಒಂದು ಗೇಣು ಪೈಪೂ ಕಾಣಬಾರದು.

ಎರಡು, ತೊಟ್ಟಿಯ ಒಂದು ತುದಿಯಲ್ಲಿ ಅಡ್ಡಗೋಡೆ ಹಾಕಿ ಸಣ್ಣ ಕೋಣೆ ಮಾಡಿ. ಗೋಡೆಯ ಬುಡದಲ್ಲಿ ಕಿಂಡಿ ಬಿಟ್ಟರೆ ಎರಡೂ ಕಡೆ ನೀರಿನ ಮಟ್ಟ ಒಂದೇ ಇರುತ್ತದೆ. ಬಾಲ್ ವಾಲ್ವು ಆ ಕೋಣೆಯೊಳಗಿರಲಿ. ಮೇಲೆ ಚಪ್ಪಡಿ ಮುಚ್ಚಿ. ಇಬ್ಬರು ಆಳು ಎತ್ತುವಷ್ಟು ಭಾರವಿರಲಿ, ಕೊಂಬಿಗೆ ಏಳಬಾರದು. ಹೆಚ್ಚಾದ ನೀರು ಹೋಗುವ ಪೈಪೂ, ತೊಳೆಯುವಾಗ ತೆಗೆಯುವ ಬಿರಡೆಯೂ ಅಲ್ಲೇ ಇರಲಿ.

ಮೂರು, ನೀರು ನಿಲ್ಲಿಸುವ ಗೇಟ್ ವಾಲ್ವಿಗೆ ತೊಟ್ಟಿಯಿಂದ ಹತ್ತಡಿ ಆಚೆ ಗುಂಡಿ ಕಟ್ಟಿ ಕಲ್ಲು ಮುಚ್ಚಿ. ರಿಪೇರಿಗೆ ಬಂದ ನೀರುಗಂಟಿ ಇಡೀ ಊರಿನ ನೀರು ನಿಲ್ಲಿಸುವ ಗ್ರಹಚಾರ ತಪ್ಪುತ್ತದೆ.

ನಾಲ್ಕು, ಕೋಣೆಯ ಸುತ್ತ ಕಲ್ಲುಕಂಬ ಆಳವಾಗಿ ನೆಡಿ. ಮುಳ್ಳುತಂತಿ ಬೇಡ, ಕೆಚ್ಚಲು ಸೀಳಿದರೆ ವಾಲ್ವಿಗಿಂತ ದುಬಾರಿ. ಇಪ್ಪತ್ತಡಿ ದೂರದಲ್ಲಿ ಮೈ ಉಜ್ಜಿಕೊಳ್ಳಲೆಂದೇ ಒರಟು ಕಲ್ಲೊಂದನ್ನು ನಿಲ್ಲಿಸಿ. ತುರಿಕೆಗೆ ಅದು ಸಿಕ್ಕರೆ ದನಕ್ಕೆ ನಿಮ್ಮ ಕಂಬದ ಹಂಗು ಇರುವುದಿಲ್ಲ.

ಐದು, ಸುತ್ತ ಆರಡಿ ಒರಟು ಚಪ್ಪಡಿ ಹಾಸಿ ಇಳಿಜಾರು ಕೊಡಿ. ನುಣ್ಣನೆ ಸಿಮೆಂಟಿನ ಮೇಲೆ ದನ ಜಾರಿ ಕಾಲು ಮುರಿದುಕೊಳ್ಳುತ್ತದೆ. ಕೆಸರು ನಿಂತರೆ ಗೊರಸು ಕೊಳೆಯುತ್ತದೆ. ನಿಂತ ನೀರಿನ ಬಸವನಹುಳುವಿನಿಂದ ಈಲಿಗೆ ಹುಳ ಬೀಳುತ್ತದೆ.

ಎರಡು ಚಪ್ಪಡಿ, ನಾಲ್ಕಾರು ಕಲ್ಲುಕಂಬ, ಒಂದಷ್ಟು ಜಿ.ಐ. ಪೈಪು. ಇಷ್ಟು ಉಳಿಸಲು ಹೋಗಿ ಏನು ಕಳೆದರು ನೋಡಿ. ಮುರಿದ ಬಾಯಿಂದ ನಿಮಿಷಕ್ಕೆ ಹತ್ತೇ ಲೀಟರ್ ಹರಿದರೂ ಆರು ಗಂಟೆಗೆ 3,600 ಲೀಟರ್. ತಲೆಗೆ 40 ಲೀಟರಿನಂತೆ 90 ದನ ಕುಡಿಯುವ ನೀರು ಅದು. ಆ ನೀರೆತ್ತಿದ ಮೋಟಾರಿನ ಕರೆಂಟು ಬಿಲ್ಲು ಪಂಚಾಯಿತಿಯದು, ಅಂದರೆ ನಮ್ಮದೇ. ಕಂಟ್ರಾಕ್ಟರಿಗೆ ಮಾತ್ರ ಲಾಭ. ಮುರಿದಷ್ಟೂ ಹೊಸ ರಿಪೇರಿ, ಹೊಸ ಬಿಲ್ಲು!

ನಮ್ಮವರಿಗೂ ಒಂದು ಮಾತು. ವಾಲ್ವಿನ ಪೈಪಿಗೇ ಹಗ್ಗ ಬಿಗಿದು ಹರಟೆಗೆ ಕೂರುವವರಿದ್ದಾರೆ. ದನ ಬೆದರಿ ಎಳೆದರೆ ಪೈಪು ಕಿತ್ತು ಬರುತ್ತದೆ. ಹಾಗೆ ಮಾಡಿದವನನ್ನು ಊರವರೇ ನಿಲ್ಲಿಸಿ ಕೇಳಬೇಕು. ಇಲ್ಲವಾದರೆ ಕಚೇರಿಯವರ ಸುಳ್ಳಿಗೆ ನಾವೇ ಸಾಕ್ಷಿ ಹೇಳಿದಂತೆ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ತೊಟ್ಟಿಯ ಎಸ್ಟಿಮೇಟು, ಅಳತೆ ಪುಸ್ತಕ, ಬಿಲ್ಲು ಮೂರನ್ನೂ ಓದಿಸಿ. ಓದದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ಕೆಲಸ ಮುಗಿದ ಮೇಲೂ ಇಂತಿಷ್ಟು ಕಾಲ ದೋಷ ಸರಿಪಡಿಸುವ ಹೊಣೆ ಗುತ್ತಿಗೆದಾರನದು ಎಂಬ ಷರತ್ತು ಕರಾರಿನಲ್ಲಿದೆಯೇ ನೋಡಿ, ಇದ್ದರೆ ಹಿಡಿದು ಕೂರಿಸಿ. ಹೊಸ ತೊಟ್ಟಿಯಾದರೆ ಒಂದು ವಾರ ಊರ ಮಂದೆಯೇ ನೀರು ಕುಡಿದು ಪರೀಕ್ಷೆ ಮಾಡಲಿ. ನಲ್ಲಿ ಉಳಿದರೆ ಬಿಲ್ಲು ಪಾಸು, ಮುರಿದರೆ ಬಿಲ್ಲು ವಾಪಸು. ದನಕ್ಕಿಂತ ನಿಷ್ಪಕ್ಷಪಾತಿಯಾದ ಇಂಜಿನಿಯರು ಯಾವ ಇಲಾಖೆಯಲ್ಲೂ ಸಿಗುವುದಿಲ್ಲ, ಅದು ಲಂಚ ಮುಟ್ಟುವುದಿಲ್ಲ.