ಸವೆದ ಟೈರಿನ ಸಾಕ್ಷ್ಯ

ವಾಶಿಯ ಮಾರುಕಟ್ಟೆಯಿಂದ ಗ್ರಾಂಟ್ ರೋಡಿನ ಭಾಜಿ ಗಲ್ಲಿಗೂ ನಮ್ಮ ಹೋಟೆಲುಗಳಿಗೂ ತರಕಾರಿ ತರುವ ಪಿಕಪ್ ಗಾಡಿ ಬಾರದಿದ್ದರೆ ಸಾಂಬಾರಿನ ಹಂಡೆ ಒಲೆಯೇರದು. ಅದೇ ಗಾಡಿ ನಡುಗಿದರೆ, ಟೈರು ಅಕಾಲದಲ್ಲಿ ಸವೆದರೆ, ತಪ್ಪೆಲ್ಲ ಡ್ರೈವರನ ತಲೆಗೆ. ಸಂಬಳದಲ್ಲಿ ಮುರಿದುಕೊಳ್ಳುವ ಮಾತೂ ಏಳುತ್ತದೆ. ಇದು ನ್ಯಾಯವೇ?

ತಪ್ಪು ಎಲ್ಲಿಯದೆಂದು ಟೈರೇ ಸಾಕ್ಷಿ ನುಡಿಯುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಇಲ್ಲವೆ ಹೇರು ಹೆಚ್ಚು. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಹೆಚ್ಚಾಗಿ ಷಾಕ್ ಅಬ್ಸಾರ್ಬರ್ ಸೋತಿದೆ. ವೇಗ ಏರಿದಾಗ ಸ್ಟಿಯರಿಂಗ್ ನಡುಗಿದರೆ ಮುಂದಿನ ಚಕ್ರಗಳ ಬ್ಯಾಲೆನ್ಸ್ ನೋಡಿಸಬೇಕು. ಸೀಟು ನಡುಗಿದರೆ ಹಿಂದಿನವುಗಳದ್ದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡ್ರಮ್ಮು, ಡಿಸ್ಕುಗಳನ್ನು. ಟೈರಿನ ಪಕ್ಕ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ, ಗಾಡಿ ಹೊರಡಲೇಬಾರದು. ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನೂ ಒಪ್ಪದು.

ಗಾಳಿ ನೋಡುವುದು ಡ್ರೈವರನ ಹೊಣೆ, ನಿಜ. ಆದರೆ ದುರಸ್ತಿಗೆ ಹಣ ಬಿಚ್ಚುವುದು ಮಾಲಿಕರ ಹೊಣೆ. ಕೆಲಸಗಾರನ ಅಲಕ್ಷ್ಯದಿಂದಲೇ ನಷ್ಟವಾಯಿತೆಂದು ತಿಳಿಯದೆ, ಅವನ ಸಮಜಾಯಿಷಿ ಕೇಳದೆ ಸಂಬಳ ಮುರಿಯಕೂಡದೆಂಬ ನಿಯಮ 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು. 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ಆದುದರಿಂದ ಡ್ರೈವರ್ ಬಂಧುಗಳಲ್ಲಿ ನಮ್ಮ ವಿನಂತಿ: ಪ್ರತಿ ಬೆಳಿಗ್ಗೆ ಟೈರು ಬಿಸಿಯಾಗುವ ಮೊದಲೇ ಗಾಳಿ ನೋಡಿರಿ. ಕಂಡ ದೋಷವನ್ನು ಬರೆದು ಮಾಲಿಕರಿಗೆ ಕೊಡಿರಿ, ನಕಲು ನಿಮ್ಮಲ್ಲಿರಲಿ. ಮಾಲಿಕರೂ ಡ್ರೈವರನನ್ನು ಗದರುವ ಮೊದಲು ಬಗ್ಗಿ ಟೈರನ್ನೊಮ್ಮೆ ನೋಡಲಿ.