ನೀರನ್ನರಿತು ಕುಡಿಯುವುದೂ ಆಚಾರವೇ

ಕಾಯಕಕ್ಕೆ ಕಾಯ ಬೇಕು. ಕಾಯಕ್ಕೆ ಶುದ್ಧಜಲ ಬೇಕು. ಪೆರೇಸಂದ್ರವಿರುವ ಚಿಕ್ಕಬಳ್ಳಾಪುರ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಸಲ್ಲದು. ಶಾಶ್ವತ ಹಲ್ಲುಗಳು ರೂಪುಗೊಳ್ಳುವ, ಸುಮಾರು 8 ವರ್ಷದೊಳಗಿನ ವಯಸ್ಸಿನಲ್ಲಿ ಅದನ್ನು ಕುಡಿದ ಮಗುವಿನ ಹಲ್ಲಿನಲ್ಲಿ ಕಲೆ ಉಳಿಯುತ್ತದೆ. ದಶಕಗಳ ಕಾಲ ಕುಡಿದವರ ಕೀಲು, ಬೆನ್ನು ಬಿಗಿಯುತ್ತವೆ. ಮೂಳೆಗಿಳಿದ ಈ ದೋಷಕ್ಕೆ ಪೂರ್ಣ ಚಿಕಿತ್ಸೆಯಿಲ್ಲ, ತಡೆಯುವುದೇ ಮದ್ದು. ಮುಪ್ಪಿನಲ್ಲಿ ನೋವಿನ ಮಾತ್ರೆ ಹುಡುಕುವುದಕ್ಕಿಂತ ತೊಟ್ಟಿಲ ಕಾಲದಿಂದಲೇ ಎಚ್ಚರ ವಹಿಸುವುದು ವಿವೇಕ. ಕುದಿಸಿದರೆ ಫ್ಲೋರೈಡ್ ಹೋಗದು. ಆದುದರಿಂದ ನೀರನ್ನು ಪರೀಕ್ಷೆ ಮಾಡಿಸಬೇಕು. ಕುಡಿಯಲೂ ಅಡುಗೆಗೂ ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನೋ ಶುದ್ಧೀಕರಣ ಘಟಕದ ನೀರನ್ನೋ ಬಳಸಬೇಕು. ರಾಗಿ, ಹಾಲು, ನೆಲ್ಲಿಕಾಯಿ ಊಟದಲ್ಲಿರಬೇಕು. ಪಾದೋದಕವನ್ನು ಭಕ್ತಿಯಿಂದ ಸ್ವೀಕರಿಸುವ ಸದ್ಭಕ್ತರು ಮಗುವಿನ ಲೋಟದ ನೀರಿನ ವಿಷಯದಲ್ಲಿ ಉದಾಸೀನರಾಗಬಾರದು.